ಹಳೆಯ ಕ್ಯಾಮೆರಾದ ಚರ್ಮದ ಹೊದಿಕೆ: ಶುಚಿಗೊಳಿಸುವ ಮತ್ತು ಸರಿಪಡಿಸುವ ಕ್ರಮ

ಹಳೆಯ ಕ್ಯಾಮೆರಾ ಕೈಗೆ ಬಂದ ಕೂಡಲೇ ಅದರ ಚರ್ಮಕ್ಕೆ ಏನಾದರೂ ಸವರಿ ಹೊಳಪು ಬರಿಸಬೇಕೆಂಬ ಆಸೆ ಹುಟ್ಟುತ್ತದೆ. ಆ ಆಸೆಯನ್ನು ಒಂದು ವಾರ ತಡೆದುಕೊಳ್ಳಬಲ್ಲವರಿಗಾಗಿ ಈ ಬರಹ. ಮೈಸೂರು, ಮಂಡ್ಯ, ಶ್ರೀರಂಗಪಟ್ಟಣಗಳ ಹಳೆಯ ಮನೆಗಳ ಅಟ್ಟದಿಂದಲೋ ಬಾಗಿಲು ಮುಚ್ಚಿದ ಸ್ಟುಡಿಯೋಗಳಿಂದಲೋ ಹೊರಬರುವ ಕ್ಯಾಮೆರಾಗಳಲ್ಲಿ ಲೆನ್ಸ್ ಚೆನ್ನಾಗಿದ್ದು ಹೊದಿಕೆ ಮಾತ್ರ ಕೆಟ್ಟಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ: ಅಂಚು ಎದ್ದಿರುತ್ತದೆ, ಮೂಲೆಯನ್ನು ಜಿರಳೆ ತಿಂದಿರುತ್ತದೆ, ಮೇಲೆಲ್ಲ ಬಿಳಿಯ ಬೂಷ್ಟು ಹಿಡಿದಿರುತ್ತದೆ, ಒಂದೆರಡು ಕಡೆ ಕೆಳಗಿನಿಂದ ಗುಳ್ಳೆಯಂತೆ ಉಬ್ಬಿರುತ್ತದೆ. ಇವುಗಳಲ್ಲಿ ಬಹುಪಾಲನ್ನು ಮನೆಯಲ್ಲೇ ಸರಿಪಡಿಸಬಹುದು. ಸರಿಪಡಿಸಲು ಹೋಗಿ ಕೆಡಿಸಿದ್ದನ್ನು ಸರಿಪಡಿಸುವುದೇ ಕಷ್ಟ.

ಮೊದಲು ನಾನು ಮಾಡಿದ ತಪ್ಪನ್ನೇ ಹೇಳುತ್ತೇನೆ. ಹಳ್ಳಿಯಲ್ಲಿ ಹೊಸ ಮೆಟ್ಟಿಗೆ ಹರಳೆಣ್ಣೆ ಕುಡಿಸುವುದನ್ನು ನೋಡಿ ಬೆಳೆದವನಾದ್ದರಿಂದ, ನನಗೆ ಸಿಕ್ಕಿದ ಮೊದಲ ಮಡಿಸುವ ಕ್ಯಾಮೆರಾದ ಒಣಗಿದ ಚರ್ಮಕ್ಕೆ ಆಷಾಢದ ಒಂದು ಸಂಜೆ ಕೊಬ್ಬರಿ ಎಣ್ಣೆ ತಿಕ್ಕಿದೆ. ಎರಡು ದಿನ ಅದು ಅಂಗಡಿಯಿಂದ ಆಗಷ್ಟೇ ತಂದಂತೆ ಕಂಡಿತು. ಮೂರನೆಯ ವಾರಕ್ಕೆ ಬೂಷ್ಟು ಹಿಂದಿಗಿಂತ ದಟ್ಟವಾಗಿ ಬೆಳೆದಿತ್ತು. ಮುಂದಿನ ವರ್ಷದ ಹೊತ್ತಿಗೆ ಚರ್ಮ ಅಂಟಂಟಾಗಿ, ಕೆಳಗೆ ಹಿತ್ತಾಳೆಯ ರಿವೆಟ್ಟುಗಳಿರುವ ಕಡೆಯೆಲ್ಲ ಗುಳ್ಳೆಗಳು ಎದ್ದಿದ್ದವು. ಮೆಟ್ಟಿನ ಚರ್ಮ ದಪ್ಪನೆಯದು, ಹೆಜ್ಜೆ ಹೆಜ್ಜೆಗೂ ಬಾಗುವಂಥದು, ಆದ್ದರಿಂದ ಅದಕ್ಕೆ ಎಣ್ಣೆಯ ಮೃದುತ್ವ ಬೇಕು. ಕ್ಯಾಮೆರಾದ ಚರ್ಮವಾದರೋ ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ತೆಳುವಾಗಿದ್ದು, ಲೋಹಕ್ಕೆ ಅಂಟಿಕೊಂಡು, ಹುಟ್ಟಿನಿಂದ ಕೊನೆಯವರೆಗೆ ಒಮ್ಮೆಯೂ ಬಾಗದೆ ಇರುವಂಥದು. ಅದಕ್ಕೆ ಕುಡಿಸಿದ ಎಣ್ಣೆಗೆ ಹೋಗಲು ಬೇರೆ ದಾರಿಯಿಲ್ಲದೆ ಅದು ಅಂಟಿನೊಳಕ್ಕೂ ಲೋಹದ ಮೇಲಕ್ಕೂ ಇಳಿಯುತ್ತದೆ. ಆದ್ದರಿಂದ ಮುಂದೆ ಹೇಳುವ ಪ್ರತಿಯೊಂದು ಕ್ರಮದಲ್ಲೂ ಓದುಗರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಾನು ಈಗ ಹಚ್ಚುತ್ತಿರುವುದು ಹೊದಿಕೆಯ ಕೆಳಗೆ ಹೋಗಿ ಏನು ಮಾಡುತ್ತದೆ?

ಚರ್ಮದಂತೆ ಕಾಣುವುದೆಲ್ಲ ಚರ್ಮವಲ್ಲ. 1900ರಲ್ಲಿ ಬಂದ ಕೊಡಕ್ ಬ್ರೌನಿ ರಟ್ಟಿನ ಪೆಟ್ಟಿಗೆಯಾಗಿದ್ದು, ಅದರ ಮೇಲಿದ್ದದ್ದು ಚರ್ಮದ ಅನುಕರಣೆ. ನಾವು ರೆಕ್ಸಿನ್ ಎಂದು ಕರೆಯುವ ಬಗೆಯದು ಬಟ್ಟೆಯ ಮೇಲೆ ಲೇಪ ಕೊಟ್ಟು ಅಚ್ಚೊತ್ತಿದ್ದು. ಹಳೆಯದಾದರೆ ಆ ಲೇಪ ನೈಟ್ರೊಸೆಲ್ಯುಲೋಸ್, ಅಂದರೆ ಹಳೆಯ ಸಿನಿಮಾ ರೀಲಿನ ಜಾತಿಯದೇ ಆದ, ಬೇಗನೆ ಉರಿದುಹೋಗುವ ವಸ್ತು. ಹಲವು ಹಳೆಯ ಲೈಕಾಗಳ ಮೇಲಿರುವುದು, 1954ರಲ್ಲಿ ಬಂದ ಎಂ3 ಸೇರಿದಂತೆ, ವಲ್ಕನೈಟ್ ಎಂಬ ಗಟ್ಟಿ ರಬ್ಬರು. 1970ರ ದಶಕದ ಯಾಶಿಕಾ, ಪೆಂಟ್ಯಾಕ್ಸ್‌ನಂಥ ಜಪಾನಿ ಕ್ಯಾಮೆರಾಗಳಲ್ಲಿ ಹೆಚ್ಚಾಗಿ ಕಾಣುವುದು ವಿನೈಲ್ ಎಂಬ ಪ್ಲಾಸ್ಟಿಕ್. ನಿಜವಾದ ಚರ್ಮವನ್ನು ಭೂತಗನ್ನಡಿಯಲ್ಲಿ ನೋಡಿದರೆ ರೋಮರಂಧ್ರಗಳು ಒಂದರಂತೆ ಒಂದಿರುವುದಿಲ್ಲ. ರೆಕ್ಸಿನ್ನಿನಲ್ಲಿ ಒಂದೇ ಚಿತ್ತಾರ ಅಳತೆಯಿಟ್ಟಂತೆ ಮರುಕಳಿಸುತ್ತದೆ ಮತ್ತು ಎದ್ದ ಅಂಚಿನಲ್ಲಿ ಬಟ್ಟೆಯ ಎಳೆಗಳು ಕಾಣುತ್ತವೆ. ವಲ್ಕನೈಟ್ ಉಗುರಿಗೆ ಬಗ್ಗುವುದಿಲ್ಲ, ಒಡೆದ ಕಡೆ ಹೆಂಚಿನ ಚೂರಿನಂತೆ ನೇರವಾದ ಅಂಚಿರುತ್ತದೆ, ಬೆರಳಿನಿಂದ ಬಲವಾಗಿ ಉಜ್ಜಿದರೆ ಗಂಧಕದ ವಾಸನೆ ಬರುತ್ತದೆ. ಕಾಯಿಸಿದ ಸೂಜಿಯಿಂದ ಚುಚ್ಚಿ ವಾಸನೆ ನೋಡುವ ಪರೀಕ್ಷೆಯನ್ನು ಕೆಲವರು ಹೇಳಿಕೊಡುತ್ತಾರೆ. ನೈಟ್ರೊಸೆಲ್ಯುಲೋಸಿನ ಸಂಗತಿ ಗೊತ್ತಿರುವವರು ಅದನ್ನು ಮಾಡಲಾರರು.

ಕೆಲಸಕ್ಕೆ ಕೂರುವ ಮುನ್ನ ಕ್ಯಾಮೆರಾದೊಳಗೆ ಫಿಲ್ಮ್ ಇಲ್ಲವೆಂದು ಖಚಿತಪಡಿಸಿಕೊಂಡು, ಲೆನ್ಸಿಗೆ ಮುಚ್ಚಳ ಹಾಕಿ, ವ್ಯೂಫೈಂಡರಿನ ಗಾಜಿಗೂ ಗುಂಡಿಗಳ ಸುತ್ತಲಿನ ಸಂದುಗಳಿಗೂ ಸುಲಭವಾಗಿ ಬಿಡಿಸಬಹುದಾದ ಕಾಗದದ ಟೇಪು ಅಂಟಿಸಬೇಕು. ಮೊಬೈಲಿನಲ್ಲಿ ಆರೂ ಕಡೆಯಿಂದ ಚಿತ್ರ ತೆಗೆದಿಟ್ಟುಕೊಳ್ಳಿ. ಯಾವ ಗುಳ್ಳೆ ಮೊದಲೇ ಇತ್ತು, ಯಾವುದು ನಮ್ಮ ಕೈಯಿಂದ ಬಂತು ಎಂಬ ಅನುಮಾನ ಆಮೇಲೆ ಬಂದೇ ಬರುತ್ತದೆ.

ಬೂಷ್ಟು ಹಿಡಿದಿದ್ದರೆ ಅಂಗಳದಲ್ಲೋ ತಾರಸಿಯ ಮೇಲೋ ಮಾಸ್ಕ್ ಹಾಕಿಕೊಂಡು, ಮೃದುವಾದ ಬಣ್ಣದ ಕುಂಚದಿಂದ ಒಂದೇ ದಿಕ್ಕಿನಲ್ಲಿ ಒರೆಸಬೇಕು. ಬೂಷ್ಟನ್ನು ಒದ್ದೆ ಬಟ್ಟೆಯಿಂದ ಒರೆಸುವುದು ಅದನ್ನು ರಂಧ್ರಗಳೊಳಕ್ಕೆ ನಾಟಿ ಮಾಡಿದಂತೆಯೇ ಸರಿ. ಒಣ ಕುಂಚದ ಕೆಲಸ ಮುಗಿದ ಮೇಲೆ ರೆಕ್ಸಿನ್ ಮತ್ತು ವಿನೈಲಿನ ಮೇಲೆ 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲನ್ನು ಹತ್ತಿಗೆ ಸೋಂಕಿಸಿ ಲಘುವಾಗಿ ಒರೆಸಬಹುದು. ಚರ್ಮದ ಬಣ್ಣವನ್ನು ಆಲ್ಕೋಹಾಲು ಕೀಳಬಲ್ಲದಾದ್ದರಿಂದ ಅಲ್ಲಿ ಮೊದಲು ತಳಭಾಗದ ಮೂಲೆಯೊಂದರಲ್ಲಿ ಪರೀಕ್ಷಿಸಿ ನೋಡಬೇಕು. ಅಕ್ಷರಗಳಿಗೆ ತುಂಬಿದ ಬಿಳಿ, ಕೆಂಪು ಬಣ್ಣಗಳ ಬಳಿ ಆಲ್ಕೋಹಾಲು ಸುಳಿಯಲೇ ಬಾರದು. ಉಗುರುಬಣ್ಣ ತೆಗೆಯುವ ಅಸಿಟೋನ್ ದ್ರವವನ್ನಂತೂ ಮೇಜಿನ ಮೇಲೆಯೇ ಇಡಬೇಡಿ, ಹಳೆಯ ರೆಕ್ಸಿನ್ನಿನ ಲೇಪವನ್ನು ಅದು ಕ್ಷಣಮಾತ್ರದಲ್ಲಿ ಕರಗಿಸುತ್ತದೆ.

ನಿಜವಾದ ಚರ್ಮಕ್ಕೆ ನೀರು ತಗುಲಿಸುವ ಮುನ್ನ ಒಂದು ಪರೀಕ್ಷೆ ಅಗತ್ಯ. ಒಣ ಹತ್ತಿಯಿಂದ ಮೇಲ್ಮೈಯನ್ನು ಸವರಿ ನೋಡಿ. ಹತ್ತಿಗೆ ಬರೀ ಕಪ್ಪು ಅಥವಾ ಬೂದು ಕೊಳೆ ಬಂದರೆ ಚಿಂತೆಯಿಲ್ಲ. ಇಟ್ಟಿಗೆಯ ಪುಡಿಯಂಥ ಕೆಂಪು ಹುಡಿ ಬಂದರೆ ಚರ್ಮದ ಎಳೆಗಳೇ ಶಿಥಿಲವಾಗಿವೆ ಎಂದು ತಿಳಿಯಬೇಕು. ಮರದ ತೊಗಟೆ, ಕಾಯಿಗಳ ಒಗರಿನಿಂದ ಹದ ಮಾಡಿದ ಚರ್ಮವು ಗಾಳಿಯಲ್ಲಿನ ಗಂಧಕದ ಅನಿಲಗಳನ್ನು ದಶಕಗಟ್ಟಲೆ ಹೀರಿಕೊಂಡಾಗ ಹೀಗಾಗುತ್ತದೆ. ಇಂಥ ಚರ್ಮಕ್ಕೆ ಒಂದು ಹನಿ ನೀರು ಬಿದ್ದರೂ ಆ ಜಾಗ ಕಪ್ಪಾಗಿ, ಗಟ್ಟಿಯಾಗಿ, ಮತ್ತೆಂದೂ ಮೊದಲಿನಂತಾಗುವುದಿಲ್ಲ. ಕೆಟ್ಟ ಚರ್ಮವನ್ನು ಮತ್ತೆ ಒಳ್ಳೆಯದಾಗಿಸುವ ಉಪಾಯ ಇಲ್ಲ, ಉದುರದಂತೆ ಹಿಡಿದಿಡುವ ಉಪಾಯವಿದೆ: ಹೈಡ್ರಾಕ್ಸಿಪ್ರೊಪೈಲ್ ಸೆಲ್ಯುಲೋಸ್ ಎಂಬ ಪುಡಿಯನ್ನು ನೀರಿಲ್ಲದ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒಂದರಿಂದ ಎರಡು ಶೇಕಡಾ ಪ್ರಮಾಣದಲ್ಲಿ ಕರಗಿಸಿ, ಮೃದು ಕುಂಚದಿಂದ ತೆಳುವಾಗಿ ಎರಡು ಸಲ ಹಚ್ಚಿ ಒಣಗಲು ಬಿಡುವುದು.

ಹುಡಿ ಉದುರದ, ಗಟ್ಟಿಮುಟ್ಟಾದ ಚರ್ಮದ ಕೊಳೆ ತೆಗೆಯಲು ನಾನು ಬಳಸುವುದು ಅಂಟುವಾಳದ ಕಾಯಿ. ಮೈಸೂರಿನ ಮನೆಗಳಲ್ಲಿ ರೇಷ್ಮೆ ಸೀರೆ ಒಗೆಯಲು ಅದನ್ನೇ ಏಕೆ ಬಳಸುತ್ತಿದ್ದರೋ ಇಲ್ಲಿಯ ಕಾರಣವೂ ಅದೇ. ಬಟ್ಟೆ ಒಗೆಯುವ ಸಾಬೂನು ಕ್ಷಾರಗುಣದ್ದು. ಹದ ಮಾಡಿದ ಚರ್ಮವಾಗಲಿ ರೇಷ್ಮೆಯಾಗಲಿ ಕ್ಷಾರವನ್ನು ಸಹಿಸುವುದಿಲ್ಲ. ಅಂಟುವಾಳದ ನೀರು ತುಸು ಆಮ್ಲಗುಣದ್ದಾಗಿದ್ದು ಚರ್ಮದ ಸ್ವಭಾವಕ್ಕೆ ಹತ್ತಿರವಾಗಿದೆ. ಬೀಜ ತೆಗೆದ ನಾಲ್ಕೈದು ಕಾಯಿಗಳನ್ನು ಒಂದು ಲೋಟ ಬಿಸಿನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ, ತೆಳು ಬಟ್ಟೆಯಲ್ಲಿ ಎರಡು ಬಾರಿ ಸೋಸಿಕೊಳ್ಳಬೇಕು. ಆ ನೀರನ್ನು ಕಡೆದು ನೊರೆ ಎಬ್ಬಿಸಿ, ನೊರೆಯನ್ನು ಮಾತ್ರ ಹಳೆಯ ಮೃದು ಟೂತ್‌ಬ್ರಷ್ಷಿನ ತುದಿಗೆ ತೆಗೆದುಕೊಂಡು, ಎರಡು ಬೆರಳಗಲದಷ್ಟು ಜಾಗವನ್ನು ಸುತ್ತು ಸುತ್ತಾಗಿ ಉಜ್ಜಿ, ಹಿಂಡಿದ ಒದ್ದೆ ಬಟ್ಟೆಯಿಂದ ಕೂಡಲೇ ನೊರೆಯನ್ನು ಎತ್ತಿ, ಒಣಬಟ್ಟೆ ಒತ್ತಿ, ಆಮೇಲೆ ಮುಂದಿನ ಜಾಗಕ್ಕೆ ಹೋಗಬೇಕು. ಅಂಚುಗಳನ್ನು ಕೊನೆಗೆ ಬಿಡಿ, ಅಲ್ಲಿ ಕುಂಚಕ್ಕಿಂತ ಹತ್ತಿ ಸುತ್ತಿದ ಕಡ್ಡಿ ವಾಸಿ. ಅಂಟುವಾಳ ತುಸು ಕಂದು ಛಾಯೆಯನ್ನು ಬಿಡುತ್ತದೆ. ಕಪ್ಪು ಚರ್ಮದಲ್ಲಿ ಅದು ಲೆಕ್ಕಕ್ಕಿಲ್ಲ, ತಿಳಿಬಣ್ಣದ ಚರ್ಮಕ್ಕೆ ಮಾತ್ರ ಬೇಡ. ಸೋಸಿದ ನೀರು ಎರಡು ದಿನದಲ್ಲಿ ಹುಳಿಯುವುದರಿಂದ ಆಗಾಗ ಹೊಸದಾಗಿ ಮಾಡಿಕೊಳ್ಳಿ.

ರೆಕ್ಸಿನ್ ಮತ್ತು ವಿನೈಲಿಗೆ ಇಷ್ಟು ನಯ ಬೇಕಿಲ್ಲ, ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ ಬೆರೆಸಿದ ನೀರಿನಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿದರೆ ಸಾಕು. ವಲ್ಕನೈಟಿಗೆ ತಣ್ಣೀರು ಮಾತ್ರ. ಬೆಳಕಿಗೆ ಸಿಕ್ಕಿ ಅದರ ಮೇಲ್ಪದರ ಕಂದಾಗುತ್ತದೆ, ಬಿಸಿನೀರು ಬಿದ್ದರೆ ಆ ಕಂದು ಇನ್ನಷ್ಟು ಎದ್ದು ಕಾಣುತ್ತದೆ.

ಇನ್ನು ಗುಳ್ಳೆಗಳ ವಿಚಾರ. ಜರ್ಮನಿಯ ಝೈಸ್ ಐಕಾನ್ ಕ್ಯಾಮೆರಾಗಳಲ್ಲಿ ಇವು ಎಷ್ಟು ಸಾಮಾನ್ಯವೆಂದರೆ, ಸಂಗ್ರಾಹಕರು ಅವನ್ನು ಝೈಸ್ ಗುಳ್ಳೆಗಳೆಂದೇ ಕರೆಯುತ್ತಾರೆ. ಚರ್ಮದ ಕೆಳಗೆ ಹಿತ್ತಾಳೆಯ ರಿವೆಟ್ಟಿನ ಅಥವಾ ಸ್ಕ್ರೂವಿನ ತಲೆ ಇರುವ ಕಡೆ, ಚರ್ಮದಲ್ಲಿನ ಕೊಬ್ಬಿನ ಆಮ್ಲಗಳು ತಾಮ್ರದೊಡನೆ ಸೇರಿ ಹಸಿರು ಮೇಣದಂಥ ಕಿಲುಬು ಕಟ್ಟುತ್ತದೆ. ಅದು ದಪ್ಪವಾದಂತೆ ಚರ್ಮವನ್ನು ಮೇಲಕ್ಕೆತ್ತುತ್ತದೆ. ನನ್ನ ಕೊಬ್ಬರಿ ಎಣ್ಣೆ ಒದಗಿಸಿದ್ದು ಈ ಕೊಬ್ಬನ್ನೇ. ಗುಳ್ಳೆಯನ್ನು ಮೇಲಿನಿಂದ ಒತ್ತಿದರೆ ಚರ್ಮ ಬಿರಿಯುತ್ತದೆಯೇ ಹೊರತು ಕಿಲುಬು ಎಲ್ಲಿಗೂ ಹೋಗುವುದಿಲ್ಲ. ಚರ್ಮವನ್ನು ಬಿಡಿಸಿ ಎತ್ತಲೇಬೇಕು. ಎತ್ತಿದ ಮೇಲೆ ಹಲ್ಲುಕಡ್ಡಿಯಿಂದಲೋ ಬಿದಿರಿನ ಚೂಪಾದ ಸೀಳಿನಿಂದಲೋ ಕಿಲುಬನ್ನು ಕೆರೆದು, ಆಲ್ಕೋಹಾಲಿನಿಂದ ಒರೆಸಿ, ಲೋಹ ಹೊಳೆಯುವಂತಾದ ಕೂಡಲೇ ಬಣ್ಣವಿಲ್ಲದ ಉಗುರುಬಣ್ಣದ ತೆಳು ಪದರವನ್ನು ಅದರ ಮೇಲೆ ಬಳಿದು ಪೂರ್ತಿ ಒಣಗಲು ಬಿಟ್ಟರೆ, ಮತ್ತೆ ಚರ್ಮಕ್ಕೂ ಹಿತ್ತಾಳೆಗೂ ನೇರ ಸಂಪರ್ಕ ಇರುವುದಿಲ್ಲ. ಪೂಜೆಯ ಹಿತ್ತಾಳೆ ಪಾತ್ರೆ ಬೆಳಗಿದಂತೆ ಹುಣಸೆಹಣ್ಣು, ಉಪ್ಪು ಹಚ್ಚುವ ಯೋಚನೆ ಯಾರಿಗಾದರೂ ಬರಬಹುದು. ಪಾತ್ರೆಯನ್ನು ನಲ್ಲಿಯ ಕೆಳಗೆ ತೊಳೆಯುತ್ತೇವೆ, ಕ್ಯಾಮೆರಾವನ್ನು ತೊಳೆಯಲಾಗುವುದಿಲ್ಲ. ಸಂದಿನಲ್ಲಿ ಉಳಿದ ಹುಳಿ ಮತ್ತು ಉಪ್ಪು ಹೊಸ ಕಿಲುಬಿಗೆ ಬಿತ್ತನೆಯಾಗುತ್ತದೆ.

ಚರ್ಮವನ್ನು ಎತ್ತುವ ಕೆಲಸದಲ್ಲಿ ಅವಸರ ಮಾಡಿದವರು ಚರ್ಮವನ್ನು ಕಳೆದುಕೊಂಡಂತೆಯೇ. ಹಳೆಯ ಕ್ಯಾಮೆರಾಗಳಲ್ಲಿ ಬಹಳಷ್ಟಕ್ಕೆ ಬಳಸಿದ ಅಂಟು ಅರಗು, ಅಂದರೆ ಶೆಲ್ಯಾಕ್. ಇದು ಆಲ್ಕೋಹಾಲಿಗೆ ಕರಗುತ್ತದೆ. ಸಿರಿಂಜಿನಲ್ಲಿ ಆಲ್ಕೋಹಾಲು ತೆಗೆದುಕೊಂಡು, ಮೊದಲೇ ಎದ್ದಿರುವ ಅಂಚಿನ ಕೆಳಗೆ ಒಂದೊಂದೇ ಹನಿ ಬಿಟ್ಟು, ಎರಡು ಮೂರು ನಿಮಿಷ ಕಾದು, ಮೊಂಡಾದ ತೆಳು ಅಲಗನ್ನು ಲೋಹಕ್ಕೆ ಒರಗಿಸಿದಂತೆ ಒಳಕ್ಕೆ ಸರಿಸುತ್ತಾ ಹೋಗಬೇಕು. ಎರಡು ಬೆರಳಿನಲ್ಲಿ ಹಿಡಿದು ಎಳೆದರೆ ಒದ್ದೆಯಾದ ಚರ್ಮ ಹಿಗ್ಗುತ್ತದೆ, ಆಮೇಲೆ ಅದು ತನ್ನ ಜಾಗಕ್ಕೆ ಕೂರುವುದಿಲ್ಲ. ಅಂಟು ರಬ್ಬರಿನಂತೆ ಎಳೆ ಎಳೆಯಾಗಿ ಬರುತ್ತಿದ್ದರೆ ಅದು ಅರಗಲ್ಲ. ಆಗ ಸಿಗರೇಟ್ ಲೈಟರಿಗೆ ತುಂಬುವ ದ್ರವ ಕೆಲಸ ಮಾಡುತ್ತದೆ. ಅದು ಬೇಗ ಬೆಂಕಿ ಹಿಡಿಯುವಂಥದು, ಕಿಟಕಿ ತೆರೆದಿರಲಿ, ದೇವರ ದೀಪವೂ ಗ್ಯಾಸ್ ಒಲೆಯೂ ಪಕ್ಕದ ಕೋಣೆಯಲ್ಲಿ ಸಹ ಉರಿಯುತ್ತಿರಬಾರದು. ತಲೆಗೂದಲು ಒಣಗಿಸುವ ಯಂತ್ರದ ಬಿಸಿಗಾಳಿಯನ್ನು ನಾನು ಬಳಸುವುದಿಲ್ಲ. ಒದ್ದೆ ಚರ್ಮಕ್ಕೆ ಬಿಸಿ ತಾಗಿದರೆ ಅದು ಹಪ್ಪಳದಂತೆ ಮುದುಡುತ್ತದೆ. ಬಿಡಿಸಿದ ಚರ್ಮವನ್ನು ಎರಡು ಬಟರ್ ಪೇಪರುಗಳ ನಡುವೆ, ಗಾಜಿನ ಮೇಲೆ, ದಪ್ಪ ಪುಸ್ತಕದ ಭಾರದಡಿ ಒಂದು ರಾತ್ರಿ ಇಡಿ. ಅಂದಹಾಗೆ, ರೋಲೈಫ್ಲೆಕ್ಸ್, ಯಾಶಿಕಾ ಮ್ಯಾಟ್‌ನಂಥ ಎರಡು ಲೆನ್ಸುಗಳ ಕ್ಯಾಮೆರಾಗಳ ಮುಂಭಾಗವನ್ನು ಹಿಡಿದಿಟ್ಟಿರುವ ಸ್ಕ್ರೂಗಳು ಈ ಹೊದಿಕೆಯ ಕೆಳಗೇ ಇರುತ್ತವೆ. ಶಟರ್ ರಿಪೇರಿಗೆ ಹೇಗಿದ್ದರೂ ಅದನ್ನು ಎತ್ತಬೇಕಾದ್ದರಿಂದ ಎರಡೂ ಕೆಲಸವನ್ನು ಒಟ್ಟಿಗೆ ಇಟ್ಟುಕೊಳ್ಳುವುದು ಜಾಣತನ.

ಮರಳಿ ಅಂಟಿಸಲು ನನ್ನ ಆಯ್ಕೆ ಮತ್ತೆ ಅರಗೇ. ಮೈಸೂರಿಗೆ ಅರಗು ಹೊಸದಲ್ಲ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಇಲ್ಲಿ ಆರಂಭವಾದ, ಇಂದು ಮತದಾನದ ಶಾಯಿಗೆ ಹೆಸರಾದ ಕಾರ್ಖಾನೆಯ ಮೊದಲ ಹೆಸರೇ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಮರದ ಸಾಮಾನಿಗೆ ಪಾಲಿಶ್ ಹಾಕುವವರಲ್ಲಿ ಅರಗಿನ ಚಕ್ಕೆಗಳೂ ಅದನ್ನು ಕರಗಿಸುವ ಸ್ಪಿರಿಟ್ಟೂ ಸಿಗುತ್ತವೆ. 25 ಗ್ರಾಂ ಚಕ್ಕೆಯನ್ನು 100 ಮಿಲಿಲೀಟರ್ ಸ್ಪಿರಿಟ್ಟಿನಲ್ಲಿ ಗಾಜಿನ ಸೀಸೆಯೊಳಗೆ ರಾತ್ರಿಯಿಡೀ ಬಿಟ್ಟು, ಮರುದಿನ ಸೋಸಿಕೊಂಡರೆ ಅಂಟು ಸಿದ್ಧ. ಹಳೆಯ ಅಂಟಿನ ಗಂಟುಗಳನ್ನೆಲ್ಲ ಲೋಹದ ಮೇಲಿಂದಲೂ ಚರ್ಮದ ಬೆನ್ನಿನಿಂದಲೂ ತೆಗೆದಿರಬೇಕು. ರಾಗಿ ಕಾಳಿನಷ್ಟು ಉಳಿದರೂ ತೆಳು ಚರ್ಮದ ಮೇಲೆ ಅದು ಎದ್ದು ಕಾಣುತ್ತದೆ. ಲೋಹಕ್ಕೆ ಒಂದು ತೆಳು ಪದರ ಬಳಿದು, ಒಣಗಿಸಿ, ಎರಡನೆಯದನ್ನು ಬಳಿದು, ಅದು ಬೆರಳಿಗೆ ಜಿಗುಟಾದಾಗ ಚರ್ಮವನ್ನು ಇಡಬೇಕು. ಕೆಲವು ಕ್ಷಣ ಅದನ್ನು ಅತ್ತಿತ್ತ ಸರಿಸಿ ಹೊಂದಿಸಲು ಬಿಡುವು ಸಿಗುತ್ತದೆ ಎಂಬುದೇ ಅರಗಿನ ದೊಡ್ಡ ಗುಣ. ತಪ್ಪಾದರೆ ಆಲ್ಕೋಹಾಲು ಹಾಕಿ ಮತ್ತೆ ಬಿಡಿಸಬಹುದು ಎಂಬುದು ಇನ್ನೊಂದು. ನಡುವಿನಿಂದ ಅಂಚಿನ ಕಡೆಗೆ ಹೆಬ್ಬೆರಳಿನಿಂದ ಒತ್ತಿ, ಬಟರ್ ಪೇಪರ್ ಹೊದಿಸಿ, ಅಗಲವಾದ ಲಾಡಿಯಿಂದ ಬಿಗಿದು ಒಂದು ದಿನ ಬಿಡಿ.

ರೆಕ್ಸಿನ್ನಿಗೂ ವಿನೈಲಿಗೂ ಚಪ್ಪಲಿ ಅಂಗಡಿಯವರು ಬಳಸುವ ರಬ್ಬರಿನ ಅಂಟು ಸಾಕು: ಎರಡೂ ಕಡೆ ತೆಳುವಾಗಿ ಹಚ್ಚಿ, ಹತ್ತು ಹದಿನೈದು ನಿಮಿಷ ಆರಿಸಿ, ಒಂದೇ ಸಲಕ್ಕೆ ಸರಿಯಾಗಿ ಇಡಬೇಕು, ಎರಡನೆಯ ಅವಕಾಶವಿಲ್ಲ. ಕ್ಷಣದಲ್ಲಿ ಹಿಡಿಯುವ ಫೆವಿಕ್ವಿಕ್ ಜಾತಿಯ ಅಂಟು ಗಾಜಿನಂತೆ ಒಡಕಾಗುತ್ತದೆ, ಅದರ ಆವಿ ಲೆನ್ಸಿನ ಮೇಲೂ ಬಿಳಿಯಾಗಿ ಕೂರುತ್ತದೆ. ಪುಸ್ತಕಕ್ಕೆ ಬೈಂಡ್ ಹಾಕುವವರ ಮೈದಾ ಗೋಂದನ್ನು ಕೂಡ ಬಿಡಬೇಕು. ಬರೀ ಮೈದಾ ಇದ್ದರೆ ಜಿರಳೆಗೆ ಊಟ. ಜಿರಳೆ ಬಾರದಿರಲೆಂದು ಅದಕ್ಕೆ ಮೈಲುತುತ್ತ ಬೆರೆಸಿದ್ದರೆ, ಆ ತಾಮ್ರದ ಲವಣ ಕ್ಯಾಮೆರಾದ ಅಲ್ಯೂಮಿನಿಯಮ್ ದೇಹವನ್ನೇ ತಿನ್ನುತ್ತದೆ.

ಅಂಟಿಸಿದ ಮೇಲೆ ಅಂಚಿನಲ್ಲಿ ಕೂದಲೆಳೆಯಷ್ಟು ಲೋಹ ಕಂಡರೆ ಗಾಬರಿ ಬೇಡ, ಹಳೆಯ ಚರ್ಮ ಕುಗ್ಗಿರುವುದು ಸಹಜ. ಚರ್ಮವನ್ನು ಎಳೆದು ಮುಚ್ಚುವುದಕ್ಕಿಂತ ಆ ಲೋಹಕ್ಕೆ ಕಪ್ಪು ಬಣ್ಣ ತಾಗಿಸುವುದು ಮೇಲು. ಬಣ್ಣ ಹೋದ ಗೀರುಗಳಿಗೆ ಕಪ್ಪು ಶೂ ಪಾಲಿಶನ್ನು ಹಲ್ಲುಕಡ್ಡಿಯ ತುದಿಯಲ್ಲಿ ಗೀರಿನ ಮೇಲಷ್ಟೇ ಇಟ್ಟು, ಹತ್ತು ನಿಮಿಷದ ನಂತರ ಬಟ್ಟೆಯಿಂದ ತಿಕ್ಕಿದರೆ ಸಾಕು. ಇಡೀ ಕ್ಯಾಮೆರಾಕ್ಕೆ ಪಾಲಿಶ್ ಬಳಿದರೆ ವ್ಯೂಫೈಂಡರಿನಲ್ಲಿ ಕಣ್ಣಿಟ್ಟವರ ಕೆನ್ನೆ, ಮೂಗು ಕಪ್ಪಾಗುತ್ತದೆ. ಮದುವೆಯೊಂದರಲ್ಲಿ ನನಗೇ ಆಗಿದೆ. ವಲ್ಕನೈಟ್ ಚಕ್ಕೆ ಎದ್ದು ಹೋದ ಕಡೆ ಎಂ-ಸೀಲ್ ತುಂಬಬಹುದು. ಮೊದಲು ಪಕ್ಕದ ಒಳ್ಳೆಯ ಭಾಗದ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಎಂ-ಸೀಲ್ ಉಂಡೆಯನ್ನು ಒತ್ತಿ, ಗಟ್ಟಿಯಾಗಲು ಬಿಟ್ಟರೆ ಚಿತ್ತಾರದ ಅಚ್ಚು ಸಿಗುತ್ತದೆ. ಆಮೇಲೆ ಗುಂಡಿಯನ್ನು ತುಂಬಿ, ಹಸಿಯಿರುವಾಗಲೇ ಮತ್ತೆ ಪ್ಲಾಸ್ಟಿಕ್ ಹಾಳೆಯನ್ನು ನಡುವೆ ಇಟ್ಟು ಅಚ್ಚನ್ನು ಒತ್ತಿ, ಒಣಗಿದ ಮೇಲೆ ಕಪ್ಪು ಅಕ್ರಿಲಿಕ್ ಬಣ್ಣ ಹಚ್ಚಿ. ಒಂದು ಮಾರು ದೂರದಿಂದ ವ್ಯತ್ಯಾಸ ತಿಳಿಯುವುದಿಲ್ಲ, ಹತ್ತಿರದಿಂದ ತಿಳಿಯುತ್ತದೆ; ಮಾರುವಾಗ ಕೊಳ್ಳುವವರಿಗೆ ಅದನ್ನು ಹೇಳಿಬಿಡಿ.

ಉಳಿಸಲಾಗದಷ್ಟು ಹಾಳಾದ ಹೊದಿಕೆಗೆ ಹೊಸ ಚರ್ಮವೇ ಗತಿ. ಮೇಕೆಯ ಚರ್ಮದ ಬೆನ್ನನ್ನು ಬ್ಯಾಗು ಹೊಲಿಯುವವರಿಂದ ಅರ್ಧ ಮಿಲಿಮೀಟರಿನಷ್ಟಕ್ಕೆ ಹೆರೆಸಿಕೊಂಡು, ಹಳೆಯ ತುಂಡನ್ನೇ ಮಾದರಿಯಾಗಿಟ್ಟು ಕತ್ತರಿಸಬೇಕು. ಹಳೆಯದು ಕುಗ್ಗಿರುವ ಕಾರಣ ಅದರ ಅಳತೆಯನ್ನು ಪೂರ್ತಿ ನಂಬದೆ, ಕ್ಯಾಮೆರಾದ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಂಚಿನ ಗುರುತು ತೆಗೆದು ತಾಳೆ ನೋಡಿ. ಬ್ಲೇಡು ಹೊಸದಾಗಿರಲಿ, ದುಂಡು ರಂಧ್ರಗಳಿಗೆ ಬೆಲ್ಟ್ ಮಾಡುವವರ ಪಂಚ್ ಬಳಸಿ. ಹಳೆಯ ತುಂಡನ್ನು ಬಿಸಾಡದೆ ಲಕೋಟೆಯಲ್ಲಿಟ್ಟು, ಕ್ಯಾಮೆರಾದ ಹೆಸರು ಬರೆದಿಡಿ.

ಮಡಿಸುವ ಕ್ಯಾಮೆರಾದ ಬೆಲ್ಲೋಸ್, ಅಂದರೆ ಲೆನ್ಸಿಗೂ ದೇಹಕ್ಕೂ ನಡುವೆ ಇರುವ ಮಡಿಕೆ ಮಡಿಕೆಯ ಚೀಲ, ಬೇರೆಯೇ ಲೋಕ. ಕತ್ತಲೆ ಕೋಣೆಯಲ್ಲಿ ಒಳಗಿನಿಂದ ಸಣ್ಣ ಟಾರ್ಚ್ ಹಿಡಿದು, ಬೆಳಕು ಸೋರುವ ಮಡಿಕೆಯ ಮೂಲೆಗಳಿಗೆ ಬಟ್ಟೆಗೆ ಹಚ್ಚುವ ಕಪ್ಪು ಅಕ್ರಿಲಿಕ್ ಬಣ್ಣವನ್ನು ಸೂಜಿಮೊನೆಯಷ್ಟು ಇಟ್ಟು, ಬಿಡಿಸಿದ ಸ್ಥಿತಿಯಲ್ಲೇ ಒಂದು ದಿನ ಒಣಗಿಸುವುದು ಮನೆಯಲ್ಲಿ ಮಾಡಬಹುದಾದ ಕೆಲಸ. ಅದಕ್ಕಿಂತ ಹೆಚ್ಚಿನ ಹಾನಿಗೆ ಹೊಸ ಬೆಲ್ಲೋಸೇ ಬೇಕು.

ಕೆಲಸ ಮುಗಿದ ಕ್ಯಾಮೆರಾವನ್ನು ಅದರ ಚರ್ಮದ ಚೀಲದೊಳಗೆ ಮತ್ತೆ ಇಡಬಾರದು. ಒಳಗಿನ ಮಖಮಲ್ಲು ತೇವವನ್ನು ಹಿಡಿದಿಟ್ಟುಕೊಂಡು ಬೂಷ್ಟನ್ನು ಸಾಕುತ್ತದೆ. ಚೀಲ ಬೇರೆ ಕಡೆ ಇರಲಿ. ಗಾಳಿಯ ತೇವಾಂಶ 65 ಶೇಕಡಾ ದಾಟಿದರೆ ಬೂಷ್ಟು ಚಿಗುರುತ್ತದೆ, ತೀರಾ ಇಳಿದರೆ ಚರ್ಮ ಬಿರಿಯುತ್ತದೆ. 40ರಿಂದ 55ರ ನಡುವೆ ಇದ್ದರೆ ಎರಡೂ ಇಲ್ಲ. ಮೈಸೂರಿನ ಬೇಸಿಗೆಯಲ್ಲಿ ಗಾಜಿನ ಬೀರು ಸಾಕು. ಜೂನ್‌ನಿಂದ ಅಕ್ಟೋಬರ್‌ವರೆಗೆ, ಅದರಲ್ಲೂ ನಾಲೆ ಮತ್ತು ಗದ್ದೆಗಳ ನಡುವಿನ ಮಂಡ್ಯದ ಮನೆಗಳಲ್ಲಿ, ಬಿಗಿ ಮುಚ್ಚಳದ ಡಬ್ಬಿ, ತೇವ ಹೀರುವ ನೀಲಿ ಸಿಲಿಕಾ ಜೆಲ್ ಹರಳು ಒಂದು ಹಿಡಿ ಮತ್ತು ತೇವಾಂಶ ತೋರಿಸುವ ಪುಟ್ಟ ಮೀಟರು ಬೇಕು. ನೀಲಿ ಹರಳುಗಳು ಗುಲಾಬಿಯಾದಾಗ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿಮಾಡಿದರೆ ಮತ್ತೆ ನೀಲಿಗೆ ತಿರುಗುತ್ತವೆ. ಆ ಬಾಣಲೆಯನ್ನು ಅಡುಗೆಗೆ ಬಳಸುವಂತಿಲ್ಲ. ದೀಪಾವಳಿಯ ಹೊತ್ತಿಗೆ ಮಳೆ ಹಿಂದಾದ ಮೇಲೆ ಎಲ್ಲವನ್ನೂ ಹೊರತೆಗೆದು, ಅಂಚುಗಳ ಮೇಲೆ ಉಗುರನ್ನು ಮೆಲ್ಲಗೆ ಆಡಿಸಿ ನೋಡಿ. ಎದ್ದಿರುವ ಅಂಚು ಸಿಕ್ಕಿದರೆ, ಅದರೊಳಗೆ ಧೂಳು ಸೇರುವ ಮುನ್ನ, ಸಣ್ಣ ಕುಂಚದ ತುದಿಯಲ್ಲಿ ಒಂದು ಹನಿ ಅರಗು ಸೇರಿಸಿ ಒತ್ತಿ ಹಿಡಿಯಿರಿ.